ಬೇಸಿಗೆ ರಜೆ: ಮೊದಲು ಮಧ್ಯಾಹ್ನವನ್ನು ಸರಿಪಡಿಸಿಕೊಳ್ಳಿ

ನಮ್ಮ ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 10ರ ಆಸುಪಾಸಿನಲ್ಲಿ ಶುರುವಾಗುವ ಬೇಸಿಗೆ ರಜೆ ಮೇ ತಿಂಗಳ ಕೊನೆಯ ವಾರದವರೆಗೆ ಇರುತ್ತದೆ. ಆ ರಜೆ ಮಕ್ಕಳದ್ದೇ ಹೊರತು ಕೆಲಸಕ್ಕೆ ಹೋಗುವ ತಾಯಿಯದ್ದಲ್ಲ. ಹೀಗಿರುವಾಗ ಬೆಳಗಿನಿಂದ ರಾತ್ರಿಯವರೆಗೆ ಗಂಟೆಗೊಂದು ಚಟುವಟಿಕೆ ಬರೆದು ಗೋಡೆಗೆ ಅಂಟಿಸುವ ಉತ್ಸಾಹ ಬೇಡ. ಅಂಥ ವೇಳಾಪಟ್ಟಿ ಮೊದಲ ವಾರ ದಾಟಿದ್ದನ್ನು ನಾನಂತೂ ಯಾವ ಮನೆಯಲ್ಲೂ ಕಂಡಿಲ್ಲ. ಮಕ್ಕಳಿಗೆ ಬೆಳಗಿನ ಹೊತ್ತು ತಾನಾಗಿಯೇ ಕಳೆಯುತ್ತದೆ, ಸಂಜೆ ಬೀದಿಯಲ್ಲಿ ಜೊತೆಗಾರರು ಸಿಗುತ್ತಾರೆ. ತಾಯಿ ಕಚೇರಿಯಲ್ಲಿ ಕುಳಿತು ಚಡಪಡಿಸುವುದು ಹನ್ನೆರಡರಿಂದ ನಾಲ್ಕರವರೆಗಿನ ಹೊತ್ತಿಗಾಗಿ. ಹಸಿವು, ಬಿಸಿಲು, ಬೇಸರ, ಅಣ್ಣ-ತಂಗಿಯರ ಜಗಳ ಎಲ್ಲವೂ ಒಟ್ಟಿಗೆ ಬರುವುದು ಆಗಲೇ. ಆ ನಾಲ್ಕು ಗಂಟೆಗಳಿಗೆ ವ್ಯವಸ್ಥೆ ಮಾಡಿಕೊಂಡರೆ ಉಳಿದದ್ದನ್ನು ಮಕ್ಕಳಿಗೇ ಬಿಡಬಹುದು.

ಊಟದ ವಿಷಯದಲ್ಲಿ ನಿಯಮ ಒಂದೇ: ಮಕ್ಕಳು ಒಲೆ ಹಚ್ಚುವ ಪ್ರಮೇಯ ಬರಬಾರದು. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಹೊರಡುವ ಮುನ್ನ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದು ಅಭ್ಯಾಸವಾಗಲಿ. ಬೆಳಿಗ್ಗೆ ಅನ್ನ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಬೆರೆಸಿ, ಹೆಪ್ಪಿನಷ್ಟೇ, ಅಂದರೆ ಒಂದು ಚಮಚ ಮೊಸರು ಹಾಕಿ ಕಲಸಿಟ್ಟರೆ ಮಧ್ಯಾಹ್ನಕ್ಕೆ ಹುಳಿಯಿಲ್ಲದ ಮೊಸರನ್ನ ಸಿದ್ಧವಿರುತ್ತದೆ. ಬೆಳಿಗ್ಗೆಯೇ ಪೂರ್ತಿ ಮೊಸರು ಹಾಕಿದರೆ ಈ ಸೆಕೆಗೆ ಮಕ್ಕಳು ಬಾಯಿಗಿಡಲಾರದಷ್ಟು ಹುಳಿಯಾಗುತ್ತದೆ. ತೆಂಗಿನಕಾಯಿ ಹಾಕಿದ ಚಟ್ನಿ, ಪಲ್ಯ ಬೇಗ ಹಳಸುವುದರಿಂದ ಈ ಎರಡು ತಿಂಗಳು ಚಟ್ನಿಪುಡಿ, ಉಪ್ಪಿನಕಾಯಿಗಳನ್ನೇ ನೆಚ್ಚಿಕೊಳ್ಳಿ. ದೋಸೆ ಹಿಟ್ಟನ್ನು ಸಂಜೆ ರುಬ್ಬಿದರೆ ಮಲಗುವ ಹೊತ್ತಿಗೇ ಉಬ್ಬಿರುತ್ತದೆ, ಆಗಲೇ ಫ್ರಿಜ್‌ಗೆ ಇಟ್ಟುಬಿಡಿ. ಶುಂಠಿ, ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆಯ ಪಾತ್ರೆ ಮಕ್ಕಳ ಕೈಗೆಟಕುವಲ್ಲಿರಲಿ, ಏಕೆಂದರೆ ಕೇಳಿ ಕುಡಿಯುವ ಮಕ್ಕಳು ಕಡಿಮೆ, ಕಂಡರೆ ಕುಡಿಯುವವರೇ ಹೆಚ್ಚು. ವಾಂತಿ-ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಅಳತೆಯನ್ನು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿರಿ. ಉಪ್ಪು ಹೆಚ್ಚಾಗುವುದು ಅಪಾಯ, ಆದ್ದರಿಂದ ಕಣ್ಣಂದಾಜು ಬೇಡ.

ಬಿಸಿಲನ್ನು ಬೈಯುತ್ತ ಕೂರುವ ಬದಲು ಅದರಿಂದ ಕೆಲಸ ತೆಗೆಯಬಹುದು. ಸಬ್ಬಕ್ಕಿ ಸಂಡಿಗೆಯನ್ನು ನಾನು ಪ್ರತಿ ಬೇಸಿಗೆಯೂ ಶಿಫಾರಸು ಮಾಡುವುದು ಸಂಡಿಗೆಗಾಗಿ ಮಾತ್ರವಲ್ಲ, ಅದು ಮಕ್ಕಳಿಗೆ ಎರಡು ದಿನದ ಜವಾಬ್ದಾರಿಯನ್ನೂ ಕೊಡುತ್ತದೆ ಎಂಬ ಕಾರಣಕ್ಕೆ. ಶನಿವಾರ ಬೆಳಿಗ್ಗೆ ಒಂದು ಪಾವು ಸಬ್ಬಕ್ಕಿಯನ್ನು ತೊಳೆದು ನೆನೆಹಾಕಿ, ರಾತ್ರಿ ನಾಲ್ಕೈದು ಪಾವು ನೀರಿನಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಕಲಕುತ್ತ, ಕಾಳಿನ ನಡುವಿನ ಬಿಳಿ ಚುಕ್ಕೆ ಮಾಯವಾಗಿ ಪೂರ್ತಿ ಪಾರದರ್ಶಕವಾಗುವವರೆಗೆ ಬೇಯಿಸಬೇಕು. ಹಸಿಮೆಣಸಿನಕಾಯಿ-ಜೀರಿಗೆ ರುಬ್ಬಿದ್ದನ್ನು ಬೇಯುವಾಗಲೇ ಹಾಕಿ, ನಿಂಬೆರಸವನ್ನು ಇಳಿಸಿದ ಮೇಲೆ ಹಿಂಡಿ. ಉಪ್ಪು ರುಚಿಗಿಂತ ಒಂದು ಕೈ ಕಡಿಮೆಯೇ ಇರಲಿ, ಒಣಗಿದಾಗ ಅದು ಎದ್ದು ಕಾಣುತ್ತದೆ. ಭಾನುವಾರ ಬಿಸಿಲೇರುವ ಮುನ್ನ ತಾರಸಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಚಮಚದಲ್ಲಿ ಒಂದೊಂದೇ ಹುಯ್ಯುವ ಕೆಲಸವನ್ನು ಮಕ್ಕಳಿಗೇ ಬಿಡಿ. ಒಂದು ಗುಂಡಗೆ, ಇನ್ನೊಂದು ಕರ್ನಾಟಕದ ನಕ್ಷೆಯಂತೆ ಬಂದರೂ ಎಣ್ಣೆಯಲ್ಲಿ ಎಲ್ಲವೂ ಅರಳುತ್ತವೆ. ಪಕ್ಕದಲ್ಲಿ ಕಪ್ಪು ಛತ್ರಿ ಬಿಚ್ಚಿಟ್ಟರೆ ಕಾಗೆ ಸುಲಭಕ್ಕೆ ಹತ್ತಿರ ಸುಳಿಯುವುದಿಲ್ಲ. ಸಂಜೆಗೆ ಅಂಚು ಎದ್ದಿದ್ದರೆ ಮೆಲ್ಲನೆ ಬಿಡಿಸಿ ಮಗುಚಿ, ಮರುದಿನ ಮೊರದಲ್ಲಿ ಮತ್ತೆ ಒಣಗಿಸಬೇಕು. ಬಾಗಿಸಿದಾಗ ಪಟ್ಟೆಂದು ಮುರಿದರೆ ಡಬ್ಬಿ ತುಂಬಿಸಬಹುದು. ಬಾಗಿತೆಂದರೆ ಇನ್ನೊಂದು ದಿನ ಬಿಸಿಲು ಬೇಕು. ಮಜ್ಜಿಗೆ ಮೆಣಸೂ ಇದೇ ತಾರಸಿಯಲ್ಲಿ ಆಗುತ್ತದೆ, ಆದರೆ ಅದನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಕಣ್ಣುಜ್ಜಿಕೊಂಡರೆ ಆ ದಿನದ ಕಥೆ ಮುಗಿಯಿತು.

ಮೊಬೈಲನ್ನು ಪೂರ್ತಿ ನಿಷೇಧಿಸುವ ತಾಯಂದಿರಿಗೆ ನನ್ನದೊಂದು ಮಾತಿದೆ: ನೀವು ಕಚೇರಿಯಲ್ಲಿರುವಾಗ ನಿಷೇಧವನ್ನು ಕಾಯುವವರು ಯಾರು? ಅದರ ಬದಲು ಊಟವಾದ ಮೇಲೆ ಎರಡರಿಂದ ಮೂರು ಎಂದು ಹೊತ್ತು ಗೊತ್ತುಮಾಡಿ, ನಡುಮನೆಯಲ್ಲಿ ಎಲ್ಲರ ಕಣ್ಣೆದುರೇ ನೋಡಲಿ.

ಶಿಬಿರಕ್ಕೆ ಸೇರಿಸುವವರು ಶುಲ್ಕ ಕೇಳುವ ಮುನ್ನ ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಕೇಳಬೇಕು. ಹನ್ನೆರಡೂವರೆಗೆ ಮುಗಿಯುವ ಶಿಬಿರದಿಂದ ಸುಡುಬಿಸಿಲಿನಲ್ಲಿ ಮಗುವನ್ನು ಕರೆತರಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಅಲ್ಲಿ ಎಷ್ಟೇ ವಿದ್ಯೆ ಕಲಿಸಿದರೂ ನಿಮಗೆ ಅದು ಆಗಿಬರುವುದಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ, ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ ಶಿಬಿರಗಳು ಹೆಸರು ಮಾಡಿವೆ. ಹಳ್ಳಿಗಳಲ್ಲಿರುವವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೊಮ್ಮೆ ವಿಚಾರಿಸಿ ನೋಡಲಿ.

ಅಜ್ಜಿಯ ಮನೆಗೆ ಕಳಿಸುವುದಾದರೆ ಹತ್ತು ಹನ್ನೆರಡು ದಿನ ಸಾಕು. ಮೊಮ್ಮಕ್ಕಳು ಬರುತ್ತಾರೆಂದರೆ ಅಜ್ಜಿ ಬೇಡವೆನ್ನಲಾರಳು, ಆದರೆ ಮೂರು ಮಕ್ಕಳಿಗೆ ದಿನಕ್ಕೆ ನಾಲ್ಕು ಬಾರಿ ಬಡಿಸುವ ಮಂಡಿ ಅವಳದ್ದೇ ಎಂಬುದು ನೆನಪಿರಲಿ. ಹಾಲು, ಹಣ್ಣು, ಕೆಲಸದವಳ ಹೆಚ್ಚುವರಿ ಸಂಬಳಕ್ಕೆಂದು ಹಣವನ್ನು ಅವಳು ಕೇಳುವ ಮೊದಲೇ ಕೊಟ್ಟುಬಿಡಿ. ಕೆರೆ, ಬಾವಿ, ಕಾಲುವೆಗಳಿಗೆ ಈಜು ಬಲ್ಲ ದೊಡ್ಡವರಿಲ್ಲದೆ ಹೋಗಕೂಡದು ಎಂಬ ಒಂದು ಮಾತನ್ನು ಮಾತ್ರ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿಯೇ ಕಳಿಸಬೇಕು. ರೈಲಿನಲ್ಲಿ ಹೋಗುವವರು ಮರಳುವ ಟಿಕೆಟ್ಟಿನ ಚಿಂತೆ ಮೊದಲು ಮಾಡಲಿ. ಈಗ ಮುಂಗಡ ಕಾಯ್ದಿರಿಸುವ ಅವಧಿ 60 ದಿನ ಮಾತ್ರ, ಆದ್ದರಿಂದ ಮೇ ಕೊನೆಯ ಟಿಕೆಟ್ಟುಗಳು ಮಾರ್ಚ್ ಕೊನೆಯಲ್ಲಿ ತೆರೆದುಕೊಳ್ಳುತ್ತವೆ. ಐದು ತುಂಬಿದ ಮಗುವಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಸ್ವಂತ ರಜೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅದನ್ನು ಏಪ್ರಿಲ್‌ನಲ್ಲಿ ಖರ್ಚು ಮಾಡಬೇಡಿ. ಆಗ ಮಕ್ಕಳಿಗೆ ಎಲ್ಲವೂ ಹೊಸದು, ನೀವು ಬೇಕೆನಿಸುವುದಿಲ್ಲ. ಮೇ ನಡುವಿನಿಂದ ಬೇಸರ ಶುರುವಾಗುತ್ತದೆ, ಶಾಲೆಯ ತಯಾರಿಯೂ ಆಗಲೇ ಬರುತ್ತದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಅಂಥ ಸೌಲಭ್ಯ ಇರುವವರು ಅರ್ಜಿಯನ್ನು ಮಾರ್ಚ್‌ನಲ್ಲೇ ಹಾಕಿದರೆ ಸಹೋದ್ಯೋಗಿಗಳೊಡನೆ ಜಟಾಪಟಿ ತಪ್ಪುತ್ತದೆ. ಅಪ್ಪನ ರಜೆಯನ್ನೂ ಇದರಲ್ಲಿ ಸೇರಿಸಿ. ಇಬ್ಬರೂ ಒಂದೇ ವಾರ ರಜೆ ಹಾಕಿ ಊರು ಸುತ್ತಿ ಬಂದು, ಉಳಿದ ವಾರಗಳಲ್ಲಿ ನೆರೆಮನೆಯವರ ಮುಖ ನೋಡುವುದಕ್ಕಿಂತ, ಸರದಿಯಂತೆ ಒಬ್ಬೊಬ್ಬರು ನಾಲ್ಕು ದಿನ ಮನೆಯಲ್ಲಿರುವುದು ಲೇಸು.

ಊರಿನಿಂದ ಶಾಲೆ ತೆರೆಯುವ ಹಿಂದಿನ ರಾತ್ರಿ ಬಂದಿಳಿಯಬೇಡಿ, ಎರಡು ದಿನವಾದರೂ ನಡುವೆ ಇರಲಿ. ಮೊದಲ ದಿನ ಬಟ್ಟೆ ಒಗೆದು ಮಕ್ಕಳನ್ನು ಬೇಗ ಮಲಗಿಸಿ, ಎರಡನೆಯ ದಿನ ಸಮವಸ್ತ್ರವನ್ನೂ ಶೂಗಳನ್ನೂ ಹಾಕಿಸಿ ನೋಡಿ. ಬೆರಳು ಮುಂದಕ್ಕೆ ಒತ್ತುತ್ತಿದ್ದರೆ ಹೊಸ ಶೂ ಕೊಳ್ಳಲು ಸಂಜೆಯ ಹೊತ್ತಿಗೆ, ಪಾದ ತುಸು ಊದಿಕೊಂಡಿರುವಾಗ, ಶಾಲೆಯ ಕಾಲುಚೀಲವನ್ನೇ ಹಾಕಿಸಿ ಕರೆದುಕೊಂಡು ಹೋಗಿ. ಮುಂಗಾರು ಬಾಗಿಲಲ್ಲೇ ಇರುತ್ತದೆ, ಅದೇ ಬೀದಿಯಲ್ಲಿ ರೇನ್‌ಕೋಟನ್ನೂ ತಂದುಬಿಡಿ.