ಔಷಧ ಗಡ್ಡೆಯ ನಡುವಿಗೆ ತಲುಪಿತೇ? ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಬಗೆ

ಊರಿನಿಂದ ನೆಂಟರು ಮುಂಬೈ ಕನ್ನಡಿಗರ ಮನೆಗೆ ಬರುವ ಕಾರಣಗಳಲ್ಲಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯೂ ಒಂದು. ಅಂಥ ಮನೆಗಳಲ್ಲಿ ಬೆಳೆದು, ಮುಂದೆ ಖಾರ್‌ಘರ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರದಂಥ ಕಡೆ ಕೆಲಸ ಮಾಡಬೇಕೆಂದಿರುವ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಈ ಬರಹ.

ಕ್ಯಾನ್ಸರ್ ಗಡ್ಡೆಗೆ ಔಷಧ ಹೊತ್ತೊಯ್ಯುವ ನ್ಯಾನೊಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು, ಹೊಸವಲ್ಲ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ತುಂಬಿದ, ಸುಮಾರು 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಕಣಗಳಿಗೆ ಅಮೆರಿಕ 1995ರಲ್ಲೇ ಅನುಮತಿ ಕೊಟ್ಟಿತು. ಆದರೆ ಗಡ್ಡೆಯ ರಕ್ತನಾಳ ದಾಟಿದ ಕಣ ಅಲ್ಲೇ ಅಂಚಿನಲ್ಲಿ ನಿಂತುಬಿಡಬಹುದು. ಒಳಗಿನ ದ್ರವದ ಒತ್ತಡ ಹೆಚ್ಚು, ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ ಬಿಗಿ. ಆದ್ದರಿಂದ ಕಣ ಎಷ್ಟು ಆಳಕ್ಕೆ ಇಳಿಯಿತು ಎಂಬುದನ್ನು ಅಳೆಯಲೇಬೇಕು.

ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಬೆಳೆದ ಜೀವಕೋಶಗಳು ಇದಕ್ಕೆ ಸಾಲವು, ಅಲ್ಲಿ ಆಳವೇ ಇಲ್ಲ. ಬೇಕಾದದ್ದು ಸ್ಫೆರಾಯ್ಡ್, ಅಂದರೆ ಜೀವಕೋಶಗಳ ಪುಟ್ಟ ಉಂಡೆ. ಎಂಸಿಎಫ್-7ನಂಥ ಸ್ತನ ಕ್ಯಾನ್ಸರ್ ಜೀವಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ತರಿಸಬಹುದು. 96 ಗುಳಿಗಳ ತಟ್ಟೆಗೆ ಮೊದಲು ತೆಳುವಾಗಿ ಅಗರೋಸ್ ಎಂಬ ಲೋಳೆಯಂಥ ಪದಾರ್ಥ ಬಳಿಯಿರಿ. ತಳಕ್ಕೆ ಅಂಟಿಕೊಳ್ಳಲಾಗದ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡು ಕೆಲವು ದಿನಗಳಲ್ಲಿ ಉಂಡೆಯಾಗುತ್ತವೆ. ಇನ್‌ಕ್ಯುಬೇಟರ್ 37 ಡಿಗ್ರಿಯಲ್ಲಿರಲಿ, ಕಾರ್ಬನ್ ಡೈಆಕ್ಸೈಡ್ ಶೇ 5 ಇರಲಿ. ವ್ಯಾಸ 400ರಿಂದ 500 ಮೈಕ್ರೊಮೀಟರ್ ತಲುಪಿದಾಗ, ಅಂದರೆ ರಾಗಿ ಕಾಳಿಗಿಂತಲೂ ಚಿಕ್ಕದಾಗಿರುವಾಗಲೇ, ಅದರ ನಡುಭಾಗಕ್ಕೆ ಆಮ್ಲಜನಕ ಸಾಲದಾಗುತ್ತದೆ. ನಿಜವಾದ ಗಡ್ಡೆಯ ಸ್ವಭಾವ ಅಲ್ಲಿ ಕಾಣತೊಡಗುತ್ತದೆ.

ಕಣಗಳ ಗಾತ್ರವನ್ನು ನೀರಿನಲ್ಲಿ ಅಳೆದು ನಿಲ್ಲಿಸಬೇಡಿ. ಸೀರಂ, ಅಂದರೆ ರಕ್ತದ ತಿಳಿ ದ್ರವ, ಇರುವ ಪೋಷಕ ದ್ರಾವಣದಲ್ಲೂ ಅಳೆಯಿರಿ. ಪ್ರೋಟೀನುಗಳು ಮೆತ್ತಿಕೊಂಡು ಕಣಗಳು ದಪ್ಪಗಾಗುತ್ತವೆ, ಕೆಲವೊಮ್ಮೆ ಗುಂಪುಗೂಡುತ್ತವೆ. ಗಾತ್ರದ ಮಹತ್ವವನ್ನು ಜಪಾನಿನ ಸಂಶೋಧಕರು 2011ರಲ್ಲಿ ಇಲಿಗಳಲ್ಲಿ ತೋರಿಸಿದರು: ರಕ್ತನಾಳಗಳಿಂದ ಸುಲಭವಾಗಿ ಏನೂ ಸೋರದ ಮೇದೋಜೀರಕ ಗ್ರಂಥಿಯ ಗಡ್ಡೆಯೊಳಗೆ 30 ನ್ಯಾನೊಮೀಟರ್ ಕಣಗಳು ಹೊಕ್ಕವು, 50 ಮತ್ತು ಅದಕ್ಕಿಂತ ದೊಡ್ಡವು ಹೊಗಲಾರದೆ ಹೋದವು.

ಈಗ ಬಣ್ಣದ ವಿಚಾರ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಡಾಕ್ಸೊರುಬಿಸಿನ್ ತಾನೇ ಕೆಂಪಗೆ ಹೊಳೆಯುವ ಔಷಧ. ಉಂಡೆಯ ನಡುವೆ ಹೊಳಪು ಕಂಡರೆ ಕಣ ತಲುಪಿದೆ ಎಂದು ತೀರ್ಮಾನಿಸಬೇಡಿ. ಅಂಚಿನಲ್ಲೇ ಸೋರಿದ ಔಷಧವೊಂದೇ ಒಳಗೆ ಹರಡಿರಬಹುದು. ಹಾಗಾಗಿ ಕಣದ ಗೋಡೆಗೆ ಬೇರೆ ಬಣ್ಣವನ್ನು ಭದ್ರವಾಗಿ ಜೋಡಿಸಿ, ಎರಡನ್ನೂ ಪ್ರತ್ಯೇಕವಾಗಿ ಹಿಂಬಾಲಿಸಿ. ಬರಿಯ ಔಷಧ, ಬರಿಯ ಕಣ, ಏನೂ ಸೇರಿಸದ ಉಂಡೆ, ಈ ಮೂರೂ ಹೋಲಿಕೆಗೆ ಪಕ್ಕದಲ್ಲಿರಲಿ.

ಉಂಡೆಗಳಿಗೆ ಕಣಗಳನ್ನು ಸೇರಿಸಿದ 1, 4, 24 ಗಂಟೆಗಳ ಬಳಿಕ ಅವನ್ನು ತೆಗೆದು ತೊಳೆದು, ರಾಸಾಯನಿಕದಿಂದ ಇದ್ದ ಸ್ಥಿತಿಯಲ್ಲೇ ಸ್ಥಿರಗೊಳಿಸಿ. ಇಡೀ ಉಂಡೆಯನ್ನು, ಆಳದ ಒಂದೊಂದೇ ಪದರವನ್ನು ತೋರಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿಟ್ಟರೆ ಸುಮಾರು 100 ಮೈಕ್ರೊಮೀಟರಿನಾಚೆ ಬೆಳಕೇ ಚದುರಿ ಮಂಕಾಗುತ್ತದೆ, ಆ ಕತ್ತಲನ್ನು ಕಣಗಳಿಲ್ಲದ ಜಾಗವೆಂದು ಓದುವ ಅಪಾಯವಿದೆ. ಘನೀಕರಿಸಿ 10 ಮೈಕ್ರೊಮೀಟರ್ ದಪ್ಪದ ತುಂಡುಗಳಾಗಿ ಕೊಯ್ದು, ನಡುವಿನ ತುಂಡನ್ನು ನೋಡುವುದೇ ಸರಿ. ಶ್ರಮ ಜಾಸ್ತಿ, ಆದರೂ ಇದನ್ನು ಬಿಡಬಾರದು. ಅಂಚಿನಿಂದ ಕೇಂದ್ರದವರೆಗೆ ಹೊಳಪು ಹೇಗೆ ಇಳಿಯುತ್ತದೆ ಎಂಬುದನ್ನು ಗ್ರಾಫ್ ಮಾಡಿ.

ಈ ಉಂಡೆಯಲ್ಲಿ ರಕ್ತನಾಳಗಳಿಲ್ಲ, ಯಕೃತ್ತು ಕಣಗಳನ್ನು ಸೆಳೆದುಕೊಳ್ಳುವುದೂ ಇಲ್ಲ. ಹಲವು ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರಲ್ಲಿ, ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಶೇ 0.7 ಎಂಬ ಮಧ್ಯಕ ಅಂಕಿ ಸಿಕ್ಕಿತ್ತು. ಸ್ಫೆರಾಯ್ಡ್‌ನ ಫಲಿತಾಂಶವನ್ನು ರೋಗಿಯ ಮಟ್ಟಕ್ಕೆ ಹಿಗ್ಗಿಸಬೇಡಿ. ಮುಂದಿನ ಸುತ್ತಿನಲ್ಲಿ ಕೊಲಾಜನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಜೀವಕೋಶಗಳನ್ನೂ ಬೆರೆಸಿ ಉಂಡೆ ಕಟ್ಟಿರಿ, ಕೊಲಾಜನ್ ಹೆಚ್ಚಿ ಪರೀಕ್ಷೆ ಕಠಿಣವಾಗುತ್ತದೆ. ಕಣ ನಡುವಿಗೆ ತಲುಪಿಯೂ ಜೀವಕೋಶಗಳು ಸಾಯದಿದ್ದರೆ, ಔಷಧ ಕಣದಿಂದ ಹೊರಬರುತ್ತಿದೆಯೇ ಎಂಬುದನ್ನು ಮೊದಲು ನೋಡಿ.