ಬಿದಿರಿನ ನಶ್ಯದ ಬುಡ್ಡಿ ಮತ್ತು ಒಂದು ಪುಟ್ಟ ಚಮಚ

ಹಾಂಗ್ ಕಾಂಗ್‌ಗೆ ಕೆಲಸಕ್ಕೆ ಬಂದ ಎರಡನೇ ವರ್ಷ ನನಗೆ ನಶ್ಯದ ಬುಡ್ಡಿಗಳ ಹುಚ್ಚು ಹಿಡಿಯಿತು. ಭಾನುವಾರ ಹಾಲಿವುಡ್ ರೋಡಿನಿಂದ ಮೆಟ್ಟಿಲಿಳಿದು ಅಪ್ಪರ್ ಲಾಸ್ಕರ್ ರೋ ಅನ್ನುವ ಗಲ್ಲಿಗೆ ಹೋಗುತ್ತಿದ್ದೆ. ಕ್ಯಾಟ್ ಸ್ಟ್ರೀಟ್ ಅಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಉದ್ದಕ್ಕೂ ಹಳೇ ಸಾಮಾನಿನ ಅಂಗಡಿಗಳು. ಲಾಸ್ಕರ್ ಅಂದರೆ ಹಿಂದೆ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿಗಳು. ಅವರು ತಂಗುತ್ತಿದ್ದ ಜಾಗಕ್ಕೆ ಅವರ ಹೆಸರೇ ಉಳಿದುಬಿಟ್ಟಿದೆ.

ನಮ್ಮಜ್ಜ ನಶ್ಯ ಏರಿಸುತ್ತಿದ್ದರು. ಅವರದ್ದು ತಗಡಿನ ಡಬ್ಬಿ, ಸದಾ ಸೊಂಟದಲ್ಲಿ. ಮುಚ್ಚಳ ತೆಗೆದು ಎರಡು ಬೆರಳಲ್ಲಿ ಚಿಟಿಕೆ ಹಿಡಿಯುತ್ತಿದ್ದರು. ಯುರೋಪಿನವರೂ ಡಬ್ಬಿಯನ್ನೇ ಬಳಸುತ್ತಿದ್ದರು. ಅವರಿಂದ ನಶ್ಯ ಕಲಿತ ಚೀನೀಯರು ಮಾತ್ರ ಬುಡ್ಡಿಗೆ ಹೋದರು. ಡಬ್ಬಿ ತೆಗೆದಷ್ಟು ಸಲ ಗಾಳಿ ತಾಗುತ್ತದೆ, ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಸಣ್ಣ ಬಾಯಿಯ ಬುಡ್ಡಿಗೆ ಬೆಂಡಿನ ಬಿರಡೆ ಜಡಿದರೆ ಆ ಕಷ್ಟ ಇಲ್ಲ. ಬಿರಡೆಗೆ ಅಂಟಿಕೊಂಡೇ ಒಂದು ಪುಟ್ಟ ಚಮಚ ಇರುತ್ತದೆ. ಅದರಲ್ಲಿ ಚೂರು ಪುಡಿ ಎತ್ತಿ ಹೆಬ್ಬೆರಳ ಉಗುರಿನ ಮೇಲೋ, ಪುಟ್ಟ ತಟ್ಟೆಯ ಮೇಲೋ ಹಾಕಿಕೊಂಡು ಎಳೆಯುತ್ತಿದ್ದರು. 1644ರಿಂದ 1911ರವರೆಗೆ ನಡೆದ ಚಿಂಗ್ ಆಳ್ವಿಕೆಯ ಕಾಲದಲ್ಲಿ ಇದು ದೊಡ್ಡ ಶೋಕಿ. ಅರಮನೆಯಲ್ಲೇ ಗಾಜಿನ ಬುಡ್ಡಿ ಮಾಡಿಸುತ್ತಿದ್ದರು. ಜೇಡ್, ಅಗೇಟ್, ಪಿಂಗಾಣಿ, ಅಂಬರು, ಸೋರೆಬುರುಡೆ, ಅರಗು, ಏನೇನೋ. ಬಿದಿರಿನದ್ದು ಮಾತ್ರ ಕಡಿಮೆ. ಮಲೆನಾಡಿನವನಾದ ನನಗೆ ಬೇಕಾಗಿದ್ದು ಅದೇ.

ಮೊದಲನೆಯದ್ದನ್ನು 800 ಹಾಂಗ್ ಕಾಂಗ್ ಡಾಲರ್ ಕೊಟ್ಟು ಕೊಂಡೆ. ಮೈತುಂಬ ಬೌದ್ಧ ಅರ್ಹಂತರು, ಮೋಡ, ಬಂಡೆ. ಒಂದಿಂಚೂ ಖಾಲಿ ಬಿಟ್ಟಿರಲಿಲ್ಲ. ಮನೆಗೆ ಬಂದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದಾಗ ಹೊಟ್ಟೆ ಕಲಸಿದಂತಾಯಿತು. ಬುಡದ ಹತ್ತಿರ ಸಾಸಿವೆಯ ಕಾಲುಭಾಗದಷ್ಟು ಎರಡು ಗುಳ್ಳೆ. ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಅಚ್ಚಿನ ಗೆರೆ, ಅರದಿಂದ ಉಜ್ಜಿದ್ದರೂ ಕಾಣುತ್ತಿತ್ತು. ಪ್ಲಾಸ್ಟಿಕ್ ರಾಳ ಎರಕ ಹೊಯ್ದ ಬುಡ್ಡಿ. ಆಗ ನಾನು ಮಾಡಿದ ತಪ್ಪು ಈಗ ಸರಿಯಾಗಿ ಗೊತ್ತಾಗುತ್ತದೆ. ಕೆತ್ತನೆ ನೋಡಿದ್ದೆ, ಬಿದಿರು ನೋಡಿರಲಿಲ್ಲ.

ಬಿದಿರು ನೋಡೋದು ನಮಗೆ ಹೊಸದೇನಲ್ಲ. ಹೆಬ್ಬಿದಿರು ಕಡಿದ ಕಡೆ ಅಡ್ಡಕ್ಕೆ ನೋಡಿದರೆ ಚುಕ್ಕೆ ಚುಕ್ಕೆ ಕಾಣುತ್ತದಲ್ವಾ? ಒಳಮೈಯಲ್ಲಿ ವಿರಳ, ಹೊರಸಿಪ್ಪೆಯ ಹತ್ತಿರ ಒತ್ತೊತ್ತು. ಸೀಳಿದರೆ ಅದೇ ಚುಕ್ಕೆಗಳು ಉದ್ದದ ಗೆರೆಗಳಾಗುತ್ತವೆ. ಅದೇ ನಾರು. ಗಳದ ಉದ್ದಕ್ಕೆ ಕೆತ್ತಿದ ಬುಡ್ಡಿಯಲ್ಲಿ ಬಾಯಿಯ ಅಂಚು ಅಡ್ಡ ಕೊಯ್ದದ್ದು, ಮೈ ಉದ್ದ ಕೊಯ್ದದ್ದು. ಹಾಗಾಗಿ ಅಂಚಿನಲ್ಲಿ ಚುಕ್ಕೆ, ಮೈಮೇಲೆ ಗೆರೆ ಇರಬೇಕು. ಚುಕ್ಕೆ ಮುಗಿಯುವ ಕಡೆಯೇ ಗೆರೆ ಶುರುವಾಗಬೇಕು. ಉಬ್ಬಿದ ಕಡೆ ಗೆರೆ ಬಾಗಿದಂತೆ ಕಾಣುತ್ತದೆ, ಯಾಕೆಂದರೆ ಉಳಿ ಅಲ್ಲಿ ನಾರನ್ನು ಓರೆಯಾಗಿ ಕಡಿದಿರುತ್ತದೆ. ಎರಕ ಹೊಯ್ಯುವವರಿಗೆ ಇದನ್ನು ಹೊಂದಿಸುವುದು ಕಷ್ಟ. ನನ್ನ 800 ಡಾಲರಿನ ಬುಡ್ಡಿಯ ಮೈಮೇಲೆ ಗೆರೆ ಇತ್ತು, ಬಾಯಿಯ ಅಂಚು ಬೋಳು.

ಆಮೇಲೆ ಕೊಳ್ಳುವುದನ್ನು ನಿಲ್ಲಿಸಿ ಸುಮ್ನೆ ನೋಡಲು ಶುರು ಮಾಡಿದೆ. ಶಾಂಘೈಗೆ ಹೋದಾಗ ಮೆಟ್ರೋದ 11ನೇ ಲೈನ್ ಹಿಡಿದು ಜಿಯಾಡಿಂಗ್‌ಗೆ ಹೋದೆ. ಬಿದಿರು ಕೆತ್ತನೆ ಅಂದರೆ ಚೀನಾದಲ್ಲಿ ಮೊದಲು ಬರುವ ಹೆಸರು ಆ ಊರಿನದ್ದು. ಚಿಂಗ್‌ಗೂ ಹಿಂದಿನ ಮಿಂಗ್ ಆಳ್ವಿಕೆಯ ಕಾಲದಲ್ಲಿ ಜು ಹೆ ಅನ್ನುವವರು ಅಲ್ಲಿ ಆಳವಾಗಿ, ಪದರ ಪದರವಾಗಿ ಕೆತ್ತುವ ರೂಢಿ ಹಾಕಿದರು. ಅವರ ಮಗ, ಮೊಮ್ಮಗ ಅದನ್ನೇ ಮುಂದುವರಿಸಿದರು. ಈಗಲೂ ಅಲ್ಲಿ ಬಿದಿರು ಕೆತ್ತನೆಗೆ ಅಂತಲೇ ಒಂದು ಮ್ಯೂಸಿಯಂ ಇದೆ. ನಾನು ಅರ್ಧ ದಿನ ಅಲ್ಲೇ ಇದ್ದೆ. ಅವರು ಬಳಸೋದು ಮಾವೋ ಜು ಅನ್ನುವ ಬಿದಿರು. ನಮ್ಮ ಬಿದಿರಿನ ಹಾಗೆ ಮೆಳೆ ಕಟ್ಟುವುದಿಲ್ಲ, ಬೇರು ಹರಿದು ಇಡೀ ಗುಡ್ಡ ತುಂಬುತ್ತದೆ. ಅದರ ಕಳಲೆ ಅಲ್ಲೂ ಅಡುಗೆಗೆ ಬರುತ್ತದೆ. ಕೆತ್ತನೆಗೆ ಚಳಿಗಾಲದಲ್ಲಿ ಕಡಿಯುತ್ತಾರೆ. ಆಗ ಗಳದಲ್ಲಿ ಸಿಹಿ ರಸ ಕಡಿಮೆ. ಕುದಿಸಿ, ಒಣಗಿಸಿ, ವರ್ಷಗಟ್ಟಲೆ ಇಟ್ಟು ಆಮೇಲೆ ಉಳಿ ಇಡುತ್ತಾರೆ. ಫೋನಿನಲ್ಲಿ ದೊಡ್ಡಪ್ಪನಿಗೆ ಇದನ್ನು ಹೇಳಿದೆ. "ಹೊಳೆ ನೀರಲ್ಲಿ ಮುಳುಗಿಸಿ ಇಡಲ್ವೇನೋ ಅವರು? ಅಮಾವಾಸ್ಯೆ ನೋಡ್ತಾರಾ?" ಅಂತ ಕೇಳಿದರು. ಎರಡು ಊರಿನವರಿಗೂ ಹೆದರಿಕೆ ಒಂದೇ, ಕುಟ್ಟೆ ಹುಳ.

ಬಿದಿರಿನ ಬುಡ್ಡಿಯಲ್ಲಿ ಎರಡು ಜಾತಿ. ಒಂದು, ಗಳದ ಬುಡದ ದಪ್ಪ ಭಾಗವನ್ನು ಅಥವಾ ಬೇರುಗಡ್ಡೆಯನ್ನು ನೇರವಾಗಿ ಕೆತ್ತಿ, ಬಾಯಿಯಿಂದ ಕೊಕ್ಕೆ ಉಳಿ ಇಳಿಸಿ ಒಳಗೆ ಕೊರೆದದ್ದು. ಬೇರಿನ ಭಾಗ ಇದ್ದರೆ ಗಿಣ್ಣುಗಳು ಹತ್ತಿರ ಹತ್ತಿರ ಇರುತ್ತವೆ, ಬೇರು ಕಿತ್ತ ದುಂಡು ಗುರುತುಗಳು ಕಾಣುತ್ತವೆ. ಇನ್ನೊಂದು ಜು ಹುವಾಂಗ್. ಗಳದ ಒಳಗಿನ ತೆಳು ಪದರವನ್ನು ಬಿಡಿಸಿ, ಕುದಿಸಿ, ಒತ್ತಿ ಹಾಳೆಯಂತೆ ಚಪ್ಪಟೆ ಮಾಡಿ, ಮರದ ಬುಡ್ಡಿಗೆ ಅಂಟಿಸುತ್ತಾರೆ. ನೋಡಲು ಹಳೇ ದಂತದ ಹಾಗೆ ತಿಳಿಹಳದಿ, ನುಣುಪು. ನಾರಿನ ಗೆರೆ ಕಣ್ಣಿಗೆ ಬೀಳುವುದಿಲ್ಲ. ಪದರ ತೆಳ್ಳಗಿರುವುದರಿಂದ ಕೆತ್ತನೆಯೂ ತೆಳು, ಅಂಚುಗಳಲ್ಲಿ ಕೂಡಿಸಿದ ಗೆರೆ ಸಿಗುತ್ತದೆ. ಮೇಲಿನ ನಾರಿನ ಪರೀಕ್ಷೆ ಇದಕ್ಕೆ ನಡೆಯುವುದಿಲ್ಲ. ಅದಕ್ಕೇ ಹೊಸಬರು ಇದಕ್ಕೆ ಕೈ ಹಾಕದಿರುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ನನ್ನದು ಮೊದಲ ಜಾತಿಯದ್ದು. ಎರಡು ವರ್ಷ ಕಾದು ಒಂದು ಸಣ್ಣ ಹರಾಜಿನಲ್ಲಿ ಹಿಡಿದೆ. ಎತ್ತರ 6.2 ಸೆಂಟಿಮೀಟರ್. ಒಂದು ಕಡೆ ಪೈನ್ ಮರ, ಅದರ ಕೆಳಗೆ ಮುದುಕ, ಪಕ್ಕದಲ್ಲಿ ವೀಣೆಯಂಥ ವಾದ್ಯ ಹೊತ್ತ ಹುಡುಗ. ಇನ್ನೊಂದು ಕಡೆ ಬರೀ ಬಂಡೆ. ಆ ಖಾಲಿ ಬಿಟ್ಟ ಬಂಡೆಯೇ ನನಗೆ ಇಷ್ಟವಾಗಿದ್ದು. ಚೀಟಿಯಲ್ಲಿ 18ನೇ ಶತಮಾನ ಅಂತ ಬರೆದಿದ್ದರು. ನಾನು 19ನೇ ಶತಮಾನ ಅಂತಲೇ ಲೆಕ್ಕ ಹಾಕಿ ಬೆಲೆ ಕೂಗಿದೆ. ಬಿದಿರಿನ ವಯಸ್ಸನ್ನು ಬರೀ ಬಣ್ಣ ನೋಡಿ ಹೇಳಬಾರದು. ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿದರೆ ಒಂದೇ ದಿನದಲ್ಲಿ ನೂರು ವರ್ಷ ಬರುತ್ತದೆ. ನಾನು ನೋಡೋದು ಸವೆತ. ನಿಜವಾಗಿ ಕೈಯಲ್ಲಿ ಆಡಿದ ಬುಡ್ಡಿಯಲ್ಲಿ ಉಬ್ಬಿದ ಭಾಗ ಹೊಳೆಯುತ್ತದೆ, ತಗ್ಗುಗಳು ಮಂಕಾಗಿ ಕಪ್ಪಾಗಿರುತ್ತವೆ. ಮುದುಕನ ಮೂಗು ಸವೆದಿದೆ, ತೋಳಿನ ಮಡಿಕೆಯಲ್ಲಿ ಉಳಿಯ ಗೀರು ಇನ್ನೂ ಚೂಪಾಗಿದೆ. ಬಣ್ಣ ಅದ್ದಿದ್ದರೆ ಎರಡೂ ಕಡೆ ಒಂದೇ ಥರ ಇರುತ್ತಿತ್ತು. ಆಮೇಲೆ ಕತ್ತಿನೊಳಗೆ ಸಣ್ಣ ಟಾರ್ಚ್ ಬಿಟ್ಟು ನೋಡುತ್ತೇನೆ. ಹೊರಗೆ ಕಪ್ಪು, ಒಳಗೆ ಈಗಷ್ಟೇ ಕೊರೆದಂಥ ಬಿಳುಪು ಇದ್ದರೆ ಅಲ್ಲೇ ಕೆಳಗಿಡಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ಕಪ್ಪು ಕಾಗದ. ಪಾರದರ್ಶಕ ಡಬ್ಬಿಯ ತಳಕ್ಕೆ ಕಪ್ಪು ಕಾಗದ ಹಾಸಿ, ಬುಡ್ಡಿಯನ್ನು ಮೇಲಿಟ್ಟು, ಮುಚ್ಚಿ ಆರು ವಾರ ಬಿಟ್ಟೆ. ಒಳಗೆ ಕುಟ್ಟೆ ಇದ್ದರೆ ರಾಗಿ ಹಿಟ್ಟಿಗಿಂತ ನುಣ್ಣನೆಯ ಬಿಳೀ ಪುಡಿ ಉದುರುತ್ತದೆ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಏನೂ ಬೀಳಲಿಲ್ಲ. ಬಿದ್ದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತಿದ್ದೆ. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬಾರದು, ಬೆವರು ಕೂರುತ್ತದೆ. ಅಂಟಿಸಿದ ಜು ಹುವಾಂಗ್‌ಗೆ ಮಾತ್ರ ನಾನು ಈ ಧೈರ್ಯ ಮಾಡುವುದಿಲ್ಲ.

ಆಮೇಲೆ ಆದದ್ದು ನನ್ನದೇ ತಪ್ಪು. ಹಾಂಗ್ ಕಾಂಗ್‌ನಲ್ಲಿ ಮಾರ್ಚ್, ಏಪ್ರಿಲ್ ಬಂದರೆ ಗೋಡೆಗಳೇ ಬೆವರುತ್ತವೆ. ಬೂಷ್ಟು ಹಿಡಿದೀತು ಅಂತ ಬುಡ್ಡಿಯನ್ನು ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್‌ಗೆ ಹಾಕಿದೆ. ಒಳಗೆ ತೇವಾಂಶ ಶೇಕಡಾ 35. ಹತ್ತನೇ ದಿನ ತೆಗೆದರೆ ಬಂಡೆಯ ಕಡೆ ಕತ್ತಿನಿಂದ ಬುಡದವರೆಗೆ ಸೀಳು. ಪೋಸ್ಟ್‌ಕಾರ್ಡಿನ ಅಂಚು ತೂರುವಷ್ಟು. ಕೈ ನಡುಗಿತು. ಇಷ್ಟು ವರ್ಷ ಯಾರ್ಯಾರದ್ದೋ ಕೈಯಲ್ಲಿ ಉಳಿದು ಬಂದದ್ದು ನನ್ನ ಮನೆಯಲ್ಲಿ ಹತ್ತು ದಿನಕ್ಕೆ ಒಡೆದಿತ್ತು.

ಗೋಂದು ಹಾಕಬೇಕು ಅನಿಸಿತು, ಹಾಕಲಿಲ್ಲ. ಗೋಂದು ಗಟ್ಟಿಯಾದ ಮೇಲೆ ಬಿದಿರು ಮತ್ತೆ ಹಿಗ್ಗಿದರೆ ಪಕ್ಕದಲ್ಲಿ ಇನ್ನೊಂದು ಬಿರುಕು ಗ್ಯಾರಂಟಿ. ಎಣ್ಣೆಯನ್ನೂ ಮುಟ್ಟಿಸಲಿಲ್ಲ. ಅಕ್ರೋಟ್ ಎಣ್ಣೆ ಸವರಿ ಅಂತ ಅಂಗಡಿಯವರು ಹೇಳುತ್ತಾರೆ, ಆದರೆ ಎಣ್ಣೆ ಧೂಳನ್ನು ಹಿಡಿದುಕೊಂಡು ತಗ್ಗುಗಳಲ್ಲಿ ಕೂರುತ್ತದೆ. ನಾನು ಮಾಡಿದ್ದು ಇಷ್ಟೇ. ಮುಚ್ಚಳವಿರುವ ಡಬ್ಬಿಯ ಒಂದು ಮೂಲೆಯಲ್ಲಿ ಪುಟ್ಟ ಬಟ್ಟಲು, ಅದರಲ್ಲಿ ಹಿಂಡಿದ ಒದ್ದೆ ಹತ್ತಿ. ಇನ್ನೊಂದು ಮೂಲೆಯಲ್ಲಿ ಬುಡ್ಡಿ, ನಡುವೆ ತೇವ ಅಳೆಯುವ ಮೀಟರ್. ದಿನಕ್ಕೆ ಒಂದು ಪಾಯಿಂಟಿಗಿಂತ ಜಾಸ್ತಿ ಏರಿದರೆ ಮುಚ್ಚಳ ಸ್ವಲ್ಪ ಸರಿಸುತ್ತಿದ್ದೆ. 40ರಿಂದ 55ಕ್ಕೆ ತರಲು ಮೂರು ವಾರ ಹಿಡಿಯಿತು. ಸೀಳು ತಾನಾಗಿ ಕೂಡಿಕೊಂಡಿತು. ಗೆರೆ ಇದೆ, ಆದರೆ ಈಗ ತೆಳು ಕಾಗದವೂ ತೂರುವುದಿಲ್ಲ. ಅವತ್ತಿನಿಂದ ಬುಡ್ಡಿ 50ರಿಂದ 55ರ ನಡುವೆಯೇ ಇದೆ.

ಇನ್ನು ಚಮಚದ ವಿಷಯ. ಹರಾಜಿನಲ್ಲಿ ಬಂದ ಬಿರಡೆಗೆ ಕೆಂಪು ಗಾಜಿನ ಟೋಪಿ, ಅದರ ಕೆಳಗೆ ದಂತದ ಚಮಚ. ಹಳೇ ಬುಡ್ಡಿಗಳಲ್ಲಿ ಇದು ತೀರಾ ಸಾಮಾನ್ಯ. ಬಿದಿರು, ಗಾಜು, ಜೇಡ್ ಅಂತ ನಿಶ್ಚಿಂತೆಯಿಂದ ಕೊಂಡವರು ಬಿರಡೆ ತೆಗೆದು ಚಮಚ ನೋಡುವುದನ್ನೇ ಮರೆಯುತ್ತಾರೆ. ಹಾಂಗ್ ಕಾಂಗ್‌ನಲ್ಲಿ 2021ರ ಕೊನೆಯಿಂದ ದಂತದ ವ್ಯಾಪಾರ ನಿಂತಿದೆ, ಬಹಳ ಹಳೆಯ ವಸ್ತುಗಳಿಗೆ ಮಾತ್ರ ವಿನಾಯಿತಿ. ನಮ್ಮಲ್ಲಂತೂ ವನ್ಯಜೀವಿ ಕಾಯ್ದೆ ಬಲು ಬಿಗಿ. ಮುಂದೆ ಊರಿಗೆ ತರುವ ಆಸೆ ಇತ್ತು, ಅದಿಲ್ಲದಿದ್ದರೂ ಆನೆಯ ದಂತ ನನಗೆ ಬೇಡವಾಗಿತ್ತು. ಚಮಚ ಬಿಡಿಸಿ ಮಾರಿದವರಿಗೇ ವಾಪಸ್ ಕೊಟ್ಟೆ.

ಬದಲಿಗೆ ಬಿದಿರಿನದ್ದು ನಾನೇ ಮಾಡಿದೆ. ಊರಿನ ಹಳೇ ಮನೆ ಬಿಚ್ಚಿದಾಗ ಒಲೆಯ ಮೇಲಿನ ಅಟ್ಟದ ದಬ್ಬೆಯೊಂದನ್ನು ಇಟ್ಟುಕೊಂಡಿದ್ದೆ. ಹೊಗೆ ಕುಡಿದು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಹೊಗೆ ತಾಗಿದ ಬಿದಿರನ್ನು ಕುಟ್ಟೆ ಸುಲಭಕ್ಕೆ ಮುಟ್ಟುವುದಿಲ್ಲ. ಮೊದಲು ತೆಳು ಕಡ್ಡಿ ಇಳಿಸಿ ಬುಡ್ಡಿಯ ಒಳ ಆಳ ಅಳೆದೆ, 4.9 ಸೆಂಟಿಮೀಟರ್. ಚಮಚ ತಳಕ್ಕೆ ಬಡಿಯಬಾರದು, ಹಾಗಾಗಿ ಬಾಯಿಯ ಅಂಚಿನಿಂದ ಕೆಳಕ್ಕೆ ನಾಲ್ಕೂವರೆ ಇಟ್ಟುಕೊಂಡೆ. ಸಿಪ್ಪೆಯ ಕಡೆಯನ್ನು ಬೆನ್ನಾಗಿ ಬಿಟ್ಟು, ಒಳಗಡೆಯಿಂದಷ್ಟೇ ಹೆರೆದೆ. ಗಟ್ಟಿ ನಾರು ಇರುವುದು ಸಿಪ್ಪೆಯ ಕಡೆ ತಾನೆ. ಮೊದಲೆರಡು ಮುರಿದವು. ಕಡ್ಡಿ ತೆಳ್ಳಗೆ ಮಾಡಿ ಆಮೇಲೆ ತುದಿಯ ಗುಳಿ ತೋಡಲು ಹೋಗಿದ್ದೆ. ಮೂರನೆಯದಕ್ಕೆ ಅಗಲ ಇರುವಾಗಲೇ ಗುಳಿ ತೋಡಿ, ಆಮೇಲೆ ಹಿಡಿಯನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿದೆ. ಮೇಣದಬತ್ತಿಯ ಶಾಖದಲ್ಲಿ ತುದಿಯನ್ನು ಚೂರು ಬಾಗಿಸಿದೆ. 400, 800 ನಂಬರಿನ ಉಪ್ಪುಕಾಗದ, ಅಷ್ಟೆ. ಹಳೇ ಬೆಂಡು ಪುಡಿಯಾಗಿತ್ತು. ವೈನ್ ಬಾಟಲಿಯ ಬೆಂಡನ್ನು ಕೆತ್ತಿ, ಕಾದ ಸೂಜಿಯಿಂದ ತೂತು ಮಾಡಿ, ಚಮಚವನ್ನು ಗೋಂದಿಲ್ಲದೆ ಒತ್ತಿ ಕೂರಿಸಿದೆ. ಟೋಪಿಗೆ ಜೇನುಮೇಣ. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಸುಲಭವಾಗಿ ಬಿಟ್ಟುಕೊಳ್ಳಲಿ ಅಂತ.

ಮೊದಲ ಸಲ ಹಾಕಿ, ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದೆ. ಚಮಚದ ಗುಳಿಯಲ್ಲಿ ಕಾಫಿಪುಡಿಯ ಬಣ್ಣದ ಒಂದಿಷ್ಟು ಧೂಳು ಬಂದಿತ್ತು. ಮೂಗಿನ ಹತ್ತಿರ ಹಿಡಿದೆ. ಯಾವ ವಾಸನೆಯೂ ಉಳಿದಿರಲಿಲ್ಲ. ಚೀನೀಯರು ನಶ್ಯಕ್ಕೆ ಮಲ್ಲಿಗೆ, ಕರ್ಪೂರ ಬೆರೆಸುತ್ತಿದ್ದರು, ಅದರ ಸುಳಿವೂ ಇಲ್ಲ. ಅಟ್ಟದ ಹೊಗೆಯ ವಾಸನೆ ಮಾತ್ರ ಬಂತು, ಅದು ಚಮಚದ್ದು. ಆ ಧೂಳನ್ನು ಬಿಳೀ ಕಾಗದದಲ್ಲಿ ಪೊಟ್ಟಣ ಕಟ್ಟಿ, ತಾರೀಖು ಬರೆದು, ಬುಡ್ಡಿಯ ಡಬ್ಬಿಯಲ್ಲೇ ಇಟ್ಟಿದ್ದೇನೆ.