ಮರದ ಕುರ್ಚಿ ಮಾಡೋದು ಹೇಗೆ: ಹಿಂದಿನ ಕಾಲಿಂದ ಶುರು ಮಾಡಿ

ಕುರ್ಚಿ ಚಂದ ಕಾಣ್ಬೇಕು ಅಂದ ತಕ್ಷಣ ಎಲ್ರೂ ಹೂ ಬಳ್ಳಿ ಕೆತ್ತನೆ ಕಡೆ ಹೋಗ್ತಾರೆ, ಆದ್ರೆ ನನ್ ಪ್ರಕಾರ ಅಂದ ಇರೋದು ಹಿಂದಿನ ಕಾಲಲ್ಲಿ, ನೆಲದಿಂದ ಎದ್ದು ಸೀಟ್ ಹೊತ್ಕೊಂಡು ಹಾಗೇ ಮೇಲೆ ಬಾಗಿ ಬೆನ್ನಿಗೆ ಆಸರೆ ಕೊಡೋದು ಅದೇ ತುಂಡು. ಚಂಡೀಗಢಕ್ಕೆ ಅಂತ 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜನರೆ ಮಾಡಿಸಿದ ಕುರ್ಚಿಗಳ ಫೋಟೋ ನೋಡಿ, ತೇಗ, ಬೆತ್ತದ ಹೆಣಿಗೆ, ಕಂಪಾಸ್ ಬಿಚ್ಚಿಟ್ಟ ಹಾಗಿರೋ ಕಾಲು, ಅಷ್ಟೇ, ಕೆತ್ತನೆ ಹೆಸರೇ ಇಲ್ಲ.

ಮೊದ್ಲು ಅಳತೆ. ಸೀಟಿನ ಎತ್ತರ ಮುಂದೆ 17 ಇಂಚು, ಹಿಂದೆ ಅರ್ಧ ಇಂಚು ಕಮ್ಮಿ, ಆಗ ಕೂತವರು ಮುಂದಕ್ಕೆ ಜಾರಲ್ಲ. ಆಳ 16, ಅಗಲ ಮುಂದೆ 18 ಹಿಂದೆ 15, ಸೀಟಿಗೂ ಬೆನ್ನಿಗೂ ಸುಮಾರು 100 ಡಿಗ್ರಿ. ಅಜ್ಜಿ ಕೂರೋಕೆ ಅಂದ್ರೆ ಇನ್ನೂ ಇಳಿಸಿ, ಪಾದ ನೆಲಕ್ಕೆ ಊರದಿದ್ರೆ ಸೀಟಿನ ಅಂಚು ತೊಡೆ ಒತ್ತಿ ಕಾಲು ಜೋಮು ಹಿಡಿಯುತ್ತೆ. ಹಳೇ ಪ್ಯಾಕಿಂಗ್ ಮರಕ್ಕೆ ಸ್ಕ್ರೂ ಹೊಡ್ದು ಒಂದು ಕಚ್ಚಾ ಕುರ್ಚಿ ಮಾಡಿ, ಮನೆಯವ್ರನ್ನೆಲ್ಲ ಕೂರಿಸಿ ನೋಡಿ, ಇದನ್ನ ಮಾತ್ರ ಬಿಡ್ಬೇಡಿ.

ಮರ ತೇಗ, ಹೊನ್ನೆ, ಹಲಸು ಯಾವ್ದಾದ್ರೂ ಸರಿ, ಚೆನ್ನಾಗಿ ಒಣಗಿರ್ಬೇಕು. ನಂಗೆ ಹಲಸು ಇಷ್ಟ, ಹೊಸದ್ರಲ್ಲಿ ಹಳದಿ ಇದ್ದು ವರ್ಷ ಕಳೆದಂಗೆ ಕಂದು ಬಣ್ಣಕ್ಕೆ ತಿರುಗುತ್ತೆ.

ಈಗ ಹಿಂದಿನ ಕಾಲು. ತೆಳು ಪ್ಲೈವುಡ್ಡಲ್ಲಿ ಅದರ ಆಕಾರ ಕತ್ತರಿಸ್ಕೊಳ್ಳಿ, ಹಲಗೆ ಮೇಲೆ ಇಟ್ಟು ಆಚೆ ಈಚೆ ಸರಿಸಿ, ಮರದ ಎಳೆ ಎಲ್ಲಿ ಕಾಲಿನ ಬಾಗು ಜೊತೆಗೇ ಹೋಗುತ್ತೋ ಅಲ್ಲಿ ಗೆರೆ ಎಳೀರಿ. ಬಾಗಿರೋ ಜಾಗದಲ್ಲಿ ಎಳೆ ಅಡ್ಡಡ್ಡ ತುಂಡಾಗಿದ್ರೆ ಯಾರೋ ಹಿಂದಕ್ಕೆ ಒರಗಿದ ದಿನ ಸರಿಯಾಗಿ ಅಲ್ಲೇ ಮುರಿಯುತ್ತೆ.

ಒರಗಿದಾಗ ಭಾರ ಬೀಳೋದು ಸೀಟಿನ ಪಕ್ಕದ ಪಟ್ಟಿ ಹಿಂದಿನ ಕಾಲಿಗೆ ಸೇರೋ ಜಾಯಿಂಟ್ ಮೇಲೆ, ಹಾಗಾಗಿ ಬರೀ ಮೊಳೆ ಸ್ಕ್ರೂ ನಂಬ್ಬೇಡಿ. ಪಟ್ಟಿ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪಕ್ಕೆ ತುದಿ ಕೆತ್ತಿ, ಕಾಲಲ್ಲಿ ಅದೇ ಅಳತೆಗೆ ಉಳೀಲಿ ತೂತು ತೆಗೀರಿ, ಒಂದಿಂಚಿಗಿಂತ ಕಮ್ಮಿ ಆಳ ಬೇಡ. ಸೀಟು ಹಿಂದೆ ಕಿರಿದಾಗೋದ್ರಿಂದ ಪಟ್ಟಿ ಸುಮಾರು 5 ಡಿಗ್ರಿ ಓರೆ ಬರುತ್ತೆ, ಮೂಲೆಮಟ್ಟ ಇಲ್ಲಿ ಕೆಲ್ಸಕ್ಕೆ ಬರಲ್ಲ, ಪೇಪರ್ ಮೇಲೆ ಪೂರ್ತಿ ಸೈಜಿನ ಚಿತ್ರ ಬರ್ದು ಕೋನ ಅದರಿಂದ್ಲೇ ತಗೊಳ್ಳಿ. ಕೈಯಲ್ಲಿ ಒತ್ತಿದ್ರೆ ಬಿಗಿಯಾಗಿ ಒಳಗೆ ಹೋಗ್ಬೇಕು, ಸುತ್ತಿಗೇಲಿ ಬಡಿಯೋ ಹಾಗಿದ್ರೆ ಕಾಲು ಸೀಳುತ್ತೆ.

ಗೋಂದು ಹಾಕೋ ಮುಂಚೆ ಎಲ್ಲಾ ಒಂದ್ಸಲ ಒಣದಾಗೇ ಜೋಡಿಸಿ, ಸೀಟಿನ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೀರಿ, ಎರಡೂ ಒಂದೇ ಇರ್ಬೇಕು. ಆಮೇಲೆ ಗೋಂದು, ಕ್ಲಾಂಪ್, ಒಂದು ರಾತ್ರಿ ಬಿಡಿ.

ಕುಂಟಿದ್ರೆ ಕಂಡಕಂಡಂಗೆ ಕಾಲು ಕತ್ತರಿಸ್ಬೇಡಿ. ಸಮತಟ್ಟಾದ ಮೇಜಿನ ಮೇಲೆ ಚೂರು ಮರ ಕೊಟ್ಟು ಅಲುಗದ ಹಾಗೆ ನಿಲ್ಸಿ, ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು ಅಲ್ಲಿಗೆ ಕೊಯ್ಯಿರಿ.

ಸೀಟಿಗೆ ಬೆತ್ತ ಹೆಣೆಸಿ, ನಮ್ಮ ಸೆಕೆಗೆ ಅದೇ ಸರಿ. ಹೆಣೆಸೋ ಮುಂಚೆ ಮುಂದಿನ ಅಂಚು ಉರುಟು ಮಾಡಿ ಉಜ್ಜಿ, ಅಗಸೆ ಎಣ್ಣೆ ತೆಳುವಾಗಿ ಹಚ್ಚಿ. ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಹೊರಗೆ ಬಿಡಿಸಿ ಒಣಹಾಕಿ.